ಗುಂಡ್ಲುಪೇಟೆಯ ಕವಲುದಾರಿಯೂ ಡೈನಮೊದ ಕೆಂಪು ದೀಪವೂ

ಮೈಸೂರಿನಿಂದ ನಂಜನಗೂಡನ್ನು ಹಾದು ತೆಂಕಣಕ್ಕೆ ಸಾಗುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಶಾಖೆ ಬಂಡೀಪುರದ ಅರಣ್ಯವನ್ನು ಸೀಳಿಕೊಂಡು ಗೂಡಲೂರು, ಉದಕಮಂಡಲಗಳ ಕಡೆಗೂ, ಮತ್ತೊಂದು ಮದ್ದೂರು, ಮೂಲೆಹೊಳೆಗಳನ್ನು ದಾಟಿ ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ಕೋಳಿಕ್ಕೋಡಿಗೂ ತೆರಳುತ್ತವೆ. ಹಿಂದೆ ವಿಜಯಪುರವೆನಿಸಿಕೊಂಡು, ಚಿಕ್ಕದೇವರಾಜ ಒಡೆಯರು ಕಟ್ಟಿಸಿದ ಪರವಾಸುದೇವ ದೇವಾಲಯದಿಂದ ಪ್ರಸಿದ್ಧವಾದ ಈ ಊರಿನ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ದೇಗುಲಗಳನ್ನೂ ಹುಡುಕಿಕೊಂಡು ಹೋಗುವುದು ಯುಕ್ತವೇ ಸರಿ. ಆದರೆ ಮೋಟಾರುಗಳ ಯುಗಕ್ಕೆ ಸಂಬಂಧಿಸಿದಂತೆ ನೋಡಿದರೆ, ಕಾಡನ್ನು ಹೊಗುವ ಮೊದಲು ಗಾಡಿಯ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳಬೇಕಾದ ಕೊನೆಯ ಪಟ್ಟಣವೆಂಬುದೇ ಇದರ ಮುಖ್ಯ ಲಕ್ಷಣವೆಂದು ನನ್ನ ಎಣಿಕೆ.

ಅಂತಹ ವಿಚಾರಣೆಗಳಲ್ಲಿ ಬಹಳ ತಪ್ಪು ತಿಳಿವಳಿಕೆಗೆ ಗುರಿಯಾದದ್ದು ಚಾಲಕನ ಕಣ್ಣೆದುರಿನ ಒಂದು ಕೆಂಪು ದೀಪ. ಅದಕ್ಕೆ ಬ್ಯಾಟರಿಯ ದೀಪವೆಂದು ಹೆಸರು. ದೋಷ ಮಾತ್ರ ಬಹುಮಟ್ಟಿಗೆ ಬ್ಯಾಟರಿಯದಲ್ಲ. ಬ್ಯಾಟರಿಯನ್ನು ಕೆರೆಯೆಂದು ಭಾವಿಸಿದರೆ ಡೈನಮೊ ಅದನ್ನು ತುಂಬಿಸುವ ಕಾಲುವೆ; ಕೆರೆಯಲ್ಲಿ ನೀರೆಷ್ಟಿದೆಯೆಂಬುದನ್ನು ಈ ದೀಪ ಹೇಳುವುದಿಲ್ಲ, ಕಾಲುವೆ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಹಳೆಯ ಅಂಬಾಸಡರ್ ಕಾರಿನಲ್ಲಿ ಅದರ ಒಂದು ತಂತಿ ಕೀಲಿಯ ಮೂಲಕ ಬ್ಯಾಟರಿಗೂ ಇನ್ನೊಂದು ಡೈನಮೊಗೂ ಸೇರಿರುತ್ತಿದ್ದುದರಿಂದ, ಕೀಲಿ ತಿರುಗಿಸಿದೊಡನೆ ಪ್ರವಾಹವು ದೀಪದ ಮೂಲಕ ಹರಿದು ಅದನ್ನು ಬೆಳಗಿಸುತ್ತಿದ್ದಿತು. ಎಂಜಿನಿನ ವೇಗ ಹೆಚ್ಚಿ ಡೈನಮೊದ ವೋಲ್ಟೇಜು ಬ್ಯಾಟರಿಯದಕ್ಕೆ ಸಮನಾದಾಗ, ಎರಡೂ ಕಡೆಯ ಒತ್ತಡ ಒಂದೇ ಆಗಿ, ದೀಪ ತಾನಾಗಿ ನಂದುತ್ತಿದ್ದಿತು. ಡೈನಮೊ ಮಂದಗತಿಯಲ್ಲಿ ಸಾಕಷ್ಟು ವಿದ್ಯುತ್ತನ್ನು ಕೊಡಲಾರದ ಯಂತ್ರವಾದ ಕಾರಣ, ಚೆಕ್‌ಪೋಸ್ಟಿನಲ್ಲಿ ಎಂಜಿನು ನಿಧಾನವಾಗಿ ಓಡುತ್ತ ನಿಂತಾಗ ದೀಪ ಮಿಣುಕಿದರೆ ಅನುಭವಿಯು ಗಾಬರಿಪಡುತ್ತಿರಲಿಲ್ಲ. ಓಡುವಾಗ ಹೊತ್ತಿಕೊಂಡರೆ ಮಾತ್ರ ತಡಮಾಡದೆ ಬಾನೆಟ್ ಎತ್ತತಕ್ಕದ್ದು. ಏಕೆಂದರೆ ಡೈನಮೊವನ್ನು ತಿರುಗಿಸುವ ಫ್ಯಾನ್ ಬೆಲ್ಟೇ ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತಿದ್ದುದರಿಂದ, ಅದು ಕಡಿದಿದ್ದಲ್ಲಿ ಘಟ್ಟದ ಮೊದಲ ಏರಿನಲ್ಲಿಯೇ ಎಂಜಿನು ಕುದಿಯುವುದು ನಿಶ್ಚಯ.

ಬೆಲ್ಟು ನೆಟ್ಟಗಿದ್ದರೆ ಆಟೋ ಎಲೆಕ್ಟ್ರಿಷಿಯನ್ನನ ವಿದ್ಯೆ ಅಲ್ಲಿಂದ ಮೊದಲಾಗುತ್ತಿದ್ದಿತು. ಟರ್ಮಿನಲ್ಲುಗಳ ಮೇಲೆ ಕಟ್ಟಿದ ಬಿಳಿ-ಹಸಿರು ಕಿಟ್ಟವನ್ನು ಬಿಸಿನೀರಿನಿಂದ ತೊಳೆದು ಗ್ರೀಸ್ ಸವರುವನು. ಡೈನಮೊದ ಎರಡು ತಂತಿಗಳನ್ನು ಬಿಚ್ಚಿ, ಡೈನಮೊದ ಮೇಲಣ ಎರಡು ಟರ್ಮಿನಲ್ಲುಗಳನ್ನೂ ಒಂದಾಗಿ ಕೂಡಿಸಿ, ಅಲ್ಲಿಂದ ಗಾಡಿಯ ಲೋಹಕ್ಕೆ ಒಂದು ಟೆಸ್ಟ್ ಬಲ್ಬನ್ನು ಹಿಡಿದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿಸುವನು. ಬಲ್ಬು ಬೆಳಗಿದರೆ ಡೈನಮೊ ನಿರ್ದೋಷಿ, ಡೈನಮೊಗೂ ಬ್ಯಾಟರಿಗೂ ನಡುವಣ ಕಟ್‌ಔಟ್ ಪೆಟ್ಟಿಗೆಯೋ ತಂತಿಯೋ ಅಪರಾಧಿ. ಬೆಳಗದಿದ್ದರೆ ಸವೆದ ಕಾರ್ಬನ್ ಬ್ರಷ್‌ಗಳನ್ನು ಬದಲಿಸಿ, ಆರ್ಮೇಚರಿನ ತಾಮ್ರದ ಪಟ್ಟಿಗಳನ್ನು ನಯವಾದ ಮರಳು ಕಾಗದದಿಂದ ಉಜ್ಜಬೇಕು. ಇಷ್ಟು ಸ್ವಲ್ಪವೇ ಉಪಕರಣಗಳಿಂದ ಇಷ್ಟು ಖಚಿತವಾದ ನಿರ್ಣಯಕ್ಕೆ ಬರುತ್ತಿದ್ದ ಕಸುಬುಗಳು ಹೆಚ್ಚಿಲ್ಲ.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ ವ್ಯಾಲಿಯಂಟ್ ಕಾರಿಗೆ ಡೈನಮೊದ ಬದಲಿಗೆ ಅಳವಡಿಸಿದ ಆಲ್ಟರ್ನೇಟರು, ನಮ್ಮಲ್ಲಿ 1983ರಲ್ಲಿ ಮಾರುತಿ ಕಾರು ಬಂದ ತರುವಾಯ ಸರ್ವಸಾಮಾನ್ಯವಾಯಿತು. ನಿಧಾನಗತಿಯಲ್ಲಿಯೂ ವಿದ್ಯುತ್ತನ್ನು ಕೊಡುವ ಈ ಯಂತ್ರವು ಚಾಲಕನಿಗೆ ವರವಾದರೂ ಹಳೆಯ ಕೈಗಳಿಗೆ ಒಂದು ಬಲೆಯನ್ನು ಹೂಡಿದ್ದಿತು. ಎಂಜಿನು ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ಲನ್ನು ಕಿತ್ತು, ಎಂಜಿನು ನಿಲ್ಲದಿದ್ದರೆ ಚಾರ್ಜ್ ಆಗುತ್ತಿದೆಯೆಂದು ತೀರ್ಮಾನಿಸುವ ರೂಢಿಯೊಂದು ಮೆಕ್ಯಾನಿಕರಲ್ಲಿ ಬೇರೂರಿತ್ತು. ಅದೇ ಪರೀಕ್ಷೆಯನ್ನು ಆಲ್ಟರ್ನೇಟರಿಗೂ ಹಚ್ಚಿದರೆ ವೋಲ್ಟೇಜು ಥಟ್ಟನೆ ಮೇಲೆದ್ದು ಅದರೊಳಗಣ ಡಯೋಡುಗಳನ್ನು ಸುಟ್ಟುಬಿಡಬಹುದು. ಪರೀಕ್ಷೆಯೇ ರೋಗಕ್ಕೆ ಕಾರಣವಾಗುವ ಇಂತಹ ಸಂದರ್ಭದಲ್ಲಿ ಮಲ್ಟಿಮೀಟರೇ ಗತಿ: ಎಂಜಿನು ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4ರೊಳಗೆ ತೋರಿದರೆ ಕ್ಷೇಮ. ಇನ್ನೊಂದು ವಿಚಿತ್ರವೆಂದರೆ, ಅನೇಕ ಆಲ್ಟರ್ನೇಟರುಗಳು ಮೊದಲ ಕಾಂತಶಕ್ತಿಯನ್ನು ಪಡೆಯುವುದು ಈ ದೀಪದ ಮೂಲಕ ಹರಿಯುವ ಅಲ್ಪ ಪ್ರವಾಹದಿಂದಲೇ. ಆದುದರಿಂದ ಕೀಲಿ ತಿರುಗಿಸಿದಾಗ ದೀಪ ಹೊತ್ತದಿರುವುದೂ ಹೊತ್ತಿ ಆರದಿರುವಷ್ಟೇ ಅಪಶಕುನ.

ಹಳೆಯ ಡೀಸೆಲ್ ಲಾರಿಗಳ ವಿಷಯ ಬೇರೆ. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಕಾರ್ಖಾನೆಯಲ್ಲಿ ತಯಾರಾದಂತಹ ಯಾಂತ್ರಿಕ ಇಂಧನ ಪಂಪುಳ್ಳ ಲಾರಿಗೆ ಒಮ್ಮೆ ಎಂಜಿನು ಓಡತೊಡಗಿದ ಮೇಲೆ ವಿದ್ಯುತ್ತಿನ ಹಂಗಿರಲಿಲ್ಲವಾಗಿ, ಕೆಂಪು ದೀಪವನ್ನು ಅಲಕ್ಷಿಸಿಯೂ ಹಗಲಿನಲ್ಲಿ ಕಾಡು ದಾಟಬಹುದಾಗಿತ್ತು. ಇಂದಿನ ಗಾಡಿಯಲ್ಲಿ ಇಂಧನವನ್ನು ಸಿಂಪಡಿಸುವುದಕ್ಕೂ ವಿದ್ಯುತ್ತೇ ಬೇಕು. ಬ್ಯಾಟರಿ ಬರಿದಾದೊಡನೆ ಎಂಜಿನೂ ನಿಲ್ಲುತ್ತದೆ. ಗಾಡಿಯನ್ನು ನಿಲ್ಲಿಸಬಾರದೆಂಬ ನಿಬಂಧನೆಯುಳ್ಳ ಬಂಡೀಪುರದ ರಸ್ತೆಯಲ್ಲಿ ಹಾಗೆ ನಿಂತುಹೋದವನ ಪಾಡು ಸುಲಭದ್ದಲ್ಲ. 2009ರಿಂದೀಚೆಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡಿನ ಎರಡು ಹಾದಿಗಳಲ್ಲಿಯೂ ಸಂಚಾರ ನಿಷಿದ್ಧವಾಗಿರುವುದರಿಂದ, ಸಂಜೆಯಲ್ಲಿ ದೀಪ ಕಂಡವನು ಹೆಡ್‌ಲೈಟು ಹಾಕಿಕೊಂಡು ಉಳಿದ ಚಾರ್ಜನ್ನು ನಂಬಿ ಹೊರಡುವುದಕ್ಕಿಂತ, ಗುಂಡ್ಲುಪೇಟೆಯಲ್ಲಿಯೇ ಬೆಲ್ಟು, ಟರ್ಮಿನಲ್ಲುಗಳನ್ನು ತೋರಿಸಿ, ರಿಪೇರಿ ತಡವಾದರೆ ಅಲ್ಲಿಯೇ ತಂಗಿ, ಬೆಳಗ್ಗೆ ಗೇಟು ತೆರೆದ ಮೇಲೆ ಕಾಡು ಹೊಗುವುದು ಲೇಸು.