ಫ್ಯುಸೇರಿಯಂ

ಲ್ಯಾಟಿನ್‌ನಲ್ಲಿ ‘ಫ್ಯೂಸಸ್’ ಎಂದರೆ ನೂಲುವ ಕದಿರು. ಜರ್ಮನಿಯ ಸಸ್ಯವಿಜ್ಞಾನಿ ಲಿಂಕ್ 1809ರಲ್ಲಿ ಈ ಶಿಲೀಂಧ್ರ ಕುಲಕ್ಕೆ ಹೆಸರಿಟ್ಟದ್ದು ಅದರಿಂದಲೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಬೀಜಕಣ ನಡುವೆ ದಪ್ಪ, ಎರಡೂ ತುದಿ ಚೂಪು, ತುಸು ಬಾಗು.

ಇದರಲ್ಲೊಂದು ಪ್ರಭೇದ ಫ್ಯುಸೇರಿಯಂ ಗ್ರ್ಯಾಮಿನಿಯಾರಂ. ಗೋಧಿ ಹೂಬಿಡುವ ಹೊತ್ತಿಗೆ ಮಳೆ ಹಿಡಿದರೆ ತೆನೆಗೆ ಹತ್ತುತ್ತದೆ. ಉಳಿದ ತೆನೆ ಇನ್ನೂ ಹಸಿರಾಗಿರುವಾಗಲೇ ಕೆಲವು ಕಿರುತೆನೆಗಳು ಬಿಳಿಚಿಕೊಳ್ಳುತ್ತವೆ. ಬುಡದಲ್ಲಿ ನಸುಗೆಂಪು ಬೂಷ್ಟು. ಕಾಳು ಜೊಳ್ಳು. ಬರೀ ಜೊಳ್ಳಾಗಿದ್ದರೆ ತೂರಿ ಬಿಡಬಹುದಿತ್ತು. ನಿಜವಾದ ಕಾಟ ಕಾಳಿನೊಳಗೆ ಉಳಿಯುವ ಡಿಆಕ್ಸಿನಿವಾಲೆನಾಲ್ ಎಂಬ ವಿಷದ್ದು. ಬ್ರೆಡ್ ಬೇಯುವ ಬಿಸಿಗೂ ಅದು ಪೂರ್ತಿ ಹೋಗುವುದಿಲ್ಲ. 1973ರಲ್ಲಿ ಅಮೆರಿಕದ ಸಂಶೋಧಕರು ಹಂದಿಗಳೂ ಒಲ್ಲೆವೆಂದ ಮೆಕ್ಕೆಜೋಳದಿಂದ ಅದನ್ನು ಬೇರ್ಪಡಿಸಿ ‘ವಾಮಿಟಾಕ್ಸಿನ್’ ಎಂದು ಕರೆದರು: ವಾಂತಿ ತರಿಸುವ ವಿಷ. ಮುಚ್ಚುಮರೆಯಿಲ್ಲದ ಹೆಸರು! ಜನ ತಿನ್ನುವ ಸಿದ್ಧ ಗೋಧಿ ಪದಾರ್ಥಗಳಿಗೆ ಅಲ್ಲಿನ ಸರ್ಕಾರ ಸೂಚಿಸಿರುವ ಮಿತಿ ಕಿಲೋಗೆ 1 ಮಿಲಿಗ್ರಾಂ.

ಕಲಬುರಗಿಯ ತೊಗರಿ ಬೆಳೆಗಾರರಿಗೆ ಈ ಕುಲ ಹೊಸದೇನಲ್ಲ. ಹೊಲದಲ್ಲಿ ನಿಂತಲ್ಲೇ ಗಿಡ ಒಣಗಿಸುವ ನೆಟೆ ರೋಗ ಫ್ಯುಸೇರಿಯಂ ಉಡಮ್‌ನ ಕೆಲಸ. ಅದು ಮಣ್ಣಿನಿಂದ ಬೇರಿಗೇರುತ್ತದೆ. ಗೋಧಿಯದು ಹಿಂದಿನ ಬೆಳೆಯ ಕೂಳೆಯಲ್ಲಿ ಅಡಗಿದ್ದು ಗಾಳಿ, ಮಳೆಹನಿಯ ಜೊತೆ ತೆನೆಗೆ ಹಾರುತ್ತದೆ.