ಹತ್ತು ಟಿಎಂಸಿಯ ಮೀನು

ಹೊರನಾಡಿನಲ್ಲಿದ್ದರೂ ಕಾವೇರಿಯ ಲೆಕ್ಕ ನಮಗೆ ಬಾಯಿಪಾಠ. 1892 ಮತ್ತು 1924ರ ಒಪ್ಪಂದಗಳಿಂದ ಇಂದಿನವರೆಗೆ ಆ ಲೆಕ್ಕವನ್ನು ಓದುತ್ತಾ ಹೋದಂತೆ, ನೀರಿನಲ್ಲೇ ಬದುಕುವ ಒಬ್ಬ ಪಾಲುದಾರನ ಹೆಸರು ಎಲ್ಲಿದೆ ಎಂದು ನಾನು ಹುಡುಕತೊಡಗಿದೆ. ಅದು ಗೂನುಬೆನ್ನಿನ ಮಹಶೀರ್.

ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಈ ಮೀನು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಇಷ್ಟು ದೊಡ್ಡ ಮೀನಿಗೆ ಬಹುಕಾಲ ಶಾಸ್ತ್ರೀಯ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರಿನ ಚಿಕ್ಕ ಮೀನುಗಳಿಗೆ ಕೊಟ್ಟ ‘ಟಾರ್ ರೆಮಾದೇವಿ’ ಎಂಬ ಹೆಸರು ಇದರದ್ದೇ ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಸಾಲದೆಂಬಂತೆ ಸದುದ್ದೇಶವೂ ಕೈಕೊಟ್ಟಿತು. ಪುಣೆ–ಮುಂಬೈ ದಾರಿಯ ಲೋಣಾವಳಾದಲ್ಲಿ ಸಾಕಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ದೇಶದ ಹಲವು ನದಿಗಳಿಗೆ ಕಳಿಸಲಾಯಿತು, ಕಾವೇರಿಗೂ ಬಂದವು. ಗಾಲಿಬೋರೆಯಲ್ಲಿ ಗಾಳ ಹಾಕಿ, ಹಿಡಿದು ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಲ್ಲಿ ನೀಲಿಯದು ಹೆಚ್ಚುತ್ತಾ ಹೋಯಿತು, ಗೂನುಬೆನ್ನಿನದು ತೀರಾ ಅಪರೂಪವಾಯಿತು. ಈಗ ಅದರ ದೊಡ್ಡ ಆಸರೆ ಮೋಯಾರ್ ನದಿ.

ಇನ್ನು ನೀರಿನ ಲೆಕ್ಕ. ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿಯನ್ನು ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಸಮುದ್ರಕ್ಕೆ ಅನಿವಾರ್ಯವಾಗಿ ಹೋಗುವುದು 4. ಉಳಿದ 10 ಪರಿಸರಕ್ಕೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪಾಲನ್ನು ಬದಲಿಸಿದರೂ ಈ ಹತ್ತನ್ನು ಮುಟ್ಟಲಿಲ್ಲ. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ ಟಿಎಂಸಿಯಂತೆ ಅದು ಬಿಳಿಗುಂಡ್ಲು ದಾಟಬೇಕು.

ನನಗೆ ಮುಖ್ಯವೆನಿಸುವುದು ಇದೇ. ಶಿವನಸಮುದ್ರದಿಂದ ಬಿಳಿಗುಂಡ್ಲುವರೆಗಿನ ಮುತ್ತತ್ತಿ, ಭೀಮೇಶ್ವರಿ, ಸಂಗಮದ ಮಡುಗಳು ಈ ಮೀನಿನ ಹಳೆಯ ಮನೆ. ನಮ್ಮ ಜಗಳದಲ್ಲಿ ಮಾತ್ರ ಆ ಹರಿವು ಎರಡು ಜಲಾಶಯಗಳ ನಡುವಿನ ಕೊಳವೆ. ‘ತಮಿಳುನಾಡಿಗೆ ಬಿಟ್ಟ ನೀರು’ ಎಂದು ನಾವು ಅನ್ನುವುದು ಮೊದಲು ಹರಿಯುವುದು ನಮ್ಮದೇ ಕಾಡಿನ ಮಡುಗಳಲ್ಲಿ. ಬಂಡೆಗಳ ನಡುವೆ ನೀರು ಓಡುತ್ತಿದ್ದರೆ ಮಹಶೀರ್‌ಗೆ ಉಸಿರು. ಮುಂಗಾರಿನ ಪ್ರವಾಹ ಬಂದರೆ ಮೇಲೇರಿ ಮೊಟ್ಟೆಯಿಡಲು ದಾರಿ.

ಮೇಕೆದಾಟುವಿನಲ್ಲಿ 67 ಟಿಎಂಸಿ ನಿಲ್ಲಿಸುವ ಯೋಜನೆಯಿರುವುದೂ ಇದೇ ಹರಿವಿನಲ್ಲಿ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ. ನಮ್ಮಲ್ಲಿ ಹಲವರ ಅಪ್ಪ–ಅಮ್ಮ ಕುಡಿಯುವುದು ಕಾವೇರಿಯನ್ನೇ. ತಂಜಾವೂರಿನ ಗದ್ದೆಯೂ ಸುಳ್ಳಲ್ಲ. ಆದರೆ ಹರಿಯುವ ನೀರಿನ ಮೀನಿಗೆ ನಿಂತ ನೀರು ಪರಿಹಾರವಾಗದು. ಬೇಸಿಗೆಯ ಆ ಎರಡೂವರೆ ಟಿಎಂಸಿಯನ್ನೂ ಅದು ಹರಿಯುವ ಜಾಗವನ್ನೂ ಮೊದಲು ಬದಿಗಿಡೋಣ. ಉಳಿದದ್ದಕ್ಕೆ ಬೇಕಾದರೆ ಇನ್ನೂ ನೂರು ವರ್ಷ ಜಗಳವಾಡೋಣ.