ರ್‍ಯಾಂಕ್ ಒಂದೇ ಸಾಲದು: ಗಡಿ ಸೀಮೆಯ ಮಕ್ಕಳು ಮತ್ತು ಪ್ರವೇಶ ಪರೀಕ್ಷೆ

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಗದ್ವಾಲ ಆಂಧ್ರಪ್ರದೇಶದ ಪಾಲಾಯಿತು. ಇಂದು ತೆಲಂಗಾಣದಲ್ಲಿರುವ ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಕನ್ನಡ ಮನೆಮಾತಿನ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದು ಅಂಕವೊಂದರಿಂದಲೇ ಅಲ್ಲ. ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿದೆ, ಓದಿದ್ದು ಗಡಿಯ ಯಾವ ಕಡೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಪ್ರವೇಶ ಪರೀಕ್ಷೆ ಹುಟ್ಟಿದ್ದು ನ್ಯಾಯಕ್ಕಾಗಿ. ಕ್ಯಾಪಿಟೇಶನ್ ಶುಲ್ಕದ ಹಾವಳಿ ತಡೆಯಲು ಆಂಧ್ರಪ್ರದೇಶ 1983ರಲ್ಲಿ, ಕರ್ನಾಟಕ 1984ರಲ್ಲಿ ಕಾಯ್ದೆ ತಂದವು. 1986ರಿಂದ ಹೈದರಾಬಾದಿನ ಜೆಎನ್‌ಟಿಯು ವಿಶ್ವವಿದ್ಯಾಲಯ ಎಂಸೆಟ್ ಪ್ರವೇಶ ಪರೀಕ್ಷೆ ನಡೆಸತೊಡಗಿತು. ಕ್ಯಾಪಿಟೇಶನ್ ಕುರಿತ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಕೊಟ್ಟ ತೀರ್ಪಿನ ಬೆನ್ನಿಗೆ, 1994ರಲ್ಲಿ ಕರ್ನಾಟಕದಲ್ಲಿ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಘಟಕ ಬಂತು. ದುಡ್ಡಿದ್ದವರಿಗೆ ಸೀಟು ಎನ್ನುವ ಕಾಲದಲ್ಲಿ ಹಳ್ಳಿಯ ಜಾಣ ಮಕ್ಕಳಿಗೆ ಇದು ದೊಡ್ಡ ಆಸರೆಯಾಯಿತು.

ಮುಂದೆ ಎರಡೂ ರಾಜ್ಯಗಳ ದಾರಿ ಬೇರೆಯಾಯಿತು. ಕರ್ನಾಟಕದಲ್ಲಿ ಎಂಜಿನಿಯರಿಂಗ್‌ಗೆ ಪಿಯುಸಿ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು. ಆಂಧ್ರದಿಂದ ಬೇರೆಯಾದ ತೆಲಂಗಾಣ, ಇಂಟರ್ (ಪಿಯುಸಿಗೆ ಸಮನಾದ ಹಂತ) ಅಂಕಕ್ಕಿದ್ದ ಶೇ. 25ರ ಪಾಲನ್ನು 2023ರಲ್ಲಿ ಕೈಬಿಟ್ಟಿತು. ಈಗ ಇಂಟರ್ ಅಂಕ ಅರ್ಹತೆಗಷ್ಟೇ. ರ್‍ಯಾಂಕ್ ಪೂರ್ತಿ ಒಂದು ಪರೀಕ್ಷೆಯದು. ಎರಡು ವರ್ಷ ಊರಿನ ಸರ್ಕಾರಿ ಕಾಲೇಜಿನಲ್ಲಿ ಶ್ರದ್ಧೆಯಿಂದ ಓದಿದವರಿಗಿಂತ ಕೋಚಿಂಗ್‌ಗೆ ದುಡ್ಡು ಹಾಕಬಲ್ಲವರಿಗೆ ಇದು ಅನುಕೂಲ. ಆ ಪತ್ರಿಕೆಯಾದರೂ ಇಂಗ್ಲಿಷಿನ ಜೊತೆ ತೆಲುಗಿನಲ್ಲಿ, ಉರ್ದುವಿನಲ್ಲಿ ಸಿಗುತ್ತದೆ, ಕನ್ನಡದಲ್ಲಿಲ್ಲ. ಬಿಎ, ಬಿಕಾಂ, ಬಿಎಸ್ಸಿಯಂಥ ಪದವಿಗಳಿಗೆ ಮಾತ್ರ 2016ರಿಂದ 'ದೋಸ್ತ್' ಎಂಬ ಆನ್‌ಲೈನ್ ಪ್ರವೇಶ ವ್ಯವಸ್ಥೆಯ ಮೂಲಕ ಇಂಟರ್ ಅಂಕದ ಮೇಲೆಯೇ ಸೀಟು ಹಂಚಿಕೆ.

ವೈದ್ಯಕೀಯದ ಕಥೆ ಇನ್ನೊಂದು. 2013ರಲ್ಲಿ ಬಂದು ಕೋರ್ಟಿನಲ್ಲಿ ಬಿದ್ದುಹೋದ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ 2016ರಲ್ಲಿ ಮರಳಿತು. 2017ರಲ್ಲಿ ಕನ್ನಡದಲ್ಲೂ ಬಂತು. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮಕ್ತಲ್‌ನ ಹುಡುಗಿ ತನ್ನ ನುಡಿಯಲ್ಲಿ ಪರೀಕ್ಷೆ ಬರೆಯಬೇಕೆಂದರೆ ಗಡಿ ದಾಟಬೇಕು. ದಾಟಿದರೂ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ.

ಅಂಕ ಬಂದ ಮೇಲೆ ಕಾಗದಪತ್ರದ ಪರೀಕ್ಷೆ. ಒಂಬತ್ತನೇ ತರಗತಿಯಿಂದ ಇಂಟರ್ ಎರಡನೇ ವರ್ಷದವರೆಗಿನ ಬೋನಫೈಡ್ (ವ್ಯಾಸಂಗ) ಪ್ರಮಾಣಪತ್ರಗಳನ್ನು ಒಂದರ ಹಿಂದೊಂದು ಜೋಡಿಸಿ ಕೊಡಬೇಕು. ವೈದ್ಯಕೀಯ ಸೀಟಿಗೆ ಈ ನಾಲ್ಕು ವರ್ಷ ತೆಲಂಗಾಣದಲ್ಲೇ ಓದಿರಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ರಾಯಚೂರಿಗೆ ಹೋದ ಹುಡುಗ ಇಲ್ಲಿ ಲೋಕಲ್ ಅಲ್ಲ. ಆಚೆ ಕರ್ನಾಟಕದಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳವರಿಗೆ ಮಾತ್ರ. ಅಲ್ಲೂ ಅವನು ಹೊರಗಿನವನು. 2024ರಲ್ಲಿ ನಾರಾಯಣಪೇಟೆ, ಗದ್ವಾಲಗಳಿಗೆ ತಲಾ 50 ಸೀಟಿನ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮನೆಬಾಗಿಲಿನ ಆ ಕಾಲೇಜಿಗೂ ಅವನು ದೂರದವನೇ.

ಸ್ಥಳೀಯರಿಗೆ ರಕ್ಷಣೆ ಬೇಕು, ಸರಿ. ಆದರೆ ಭಾಷೆಗಾಗಿ ಗಡಿ ದಾಟಿದ ಸ್ಥಳೀಯ ಮಗುವನ್ನೇ ಅದು ಹೊರಗಿಡಬಾರದು. ತೆಲಂಗಾಣದ ಗಡಿ ಜಿಲ್ಲೆಗಳ ನೀಟ್ ಕೇಂದ್ರದಲ್ಲೂ ಕನ್ನಡ ಪತ್ರಿಕೆ ಸಿಗಲಿ. ರಾಜ್ಯದ ಪ್ರವೇಶ ಪರೀಕ್ಷೆ ಉರ್ದುವಿಗೆ ಕೊಟ್ಟ ಜಾಗವನ್ನು ಕನ್ನಡಕ್ಕೂ ಕೊಡಲಿ. ಇಲ್ಲೇ ಹುಟ್ಟಿ ಹತ್ತನೆಯವರೆಗೆ ಇಲ್ಲೇ ಓದಿದವರಿಗೆ ನಾಲ್ಕು ವರ್ಷದ ನಿಯಮದಲ್ಲಿ ವಿನಾಯಿತಿ ಇರಲಿ. ಪರೀಕ್ಷೆ ಎಲ್ಲರಿಗೂ ಒಂದೇ ಎನ್ನುವ ಮಾತಿಗೆ ಆಗ ಅರ್ಥ ಬರುತ್ತದೆ.